ಸುರಪುರಕ್ಕೆ ಬಂದ ಡ್ರುಯಿಡರು

ವಿಶಾಖಪಟ್ಟಣದಿಂದ ಬೆಳಿಗ್ಗೆ ಹೊರಡುವ ಕಿರಂದೂಲ್ ಪ್ಯಾಸೆಂಜರ್ ಐವತ್ತಕ್ಕೂ ಹೆಚ್ಚು ಸುರಂಗಗಳನ್ನು ದಾಟಿ ಪೂರ್ವಘಟ್ಟವನ್ನು ಹತ್ತುತ್ತದೆ. ಬೊರ್ರಾ ಗುಹೆ, ಕಾಫಿ ತೋಟ, ಧಿಂಸಾ ಕುಣಿತ, ಬಿದಿರಿನೊಳಗೆ ಬೇಯಿಸಿದ ಕೋಳಿ: ಪ್ರವಾಸಿಗರ ಅರಕು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಅದರಾಚೆ, ಆಂಧ್ರ ಮತ್ತು ಒಡಿಶಾ ಗಡಿಯ ಎರಡೂ ಬದಿಯಲ್ಲಿ, ಗದಬ ಎಂಬ ಬುಡಕಟ್ಟಿನ ಹಳ್ಳಿಗಳಿವೆ. ಇವರ ಹಳೆಯ ಊರುಗಳಲ್ಲಿ ಮರದ ನೆರಳಿಗೆ ಕಲ್ಲುಗಳ ಒಂದು ಕೂಟವಿರುತ್ತದೆ. ಕೆಲವು ಕಲ್ಲು ನೆಟ್ಟಗೆ ನಿಂತಿವೆ, ಕೆಲವು ನೆಲಕ್ಕೆ ಹಾಸಿಕೊಂಡಿವೆ. ಅದಕ್ಕೆ ಅವರು ಸದರ್ ಎನ್ನುತ್ತಾರೆ. ಊರ ಹಿರಿಯರು ಕೂತು ನ್ಯಾಯ ಮಾತಾಡುವ ಕಟ್ಟೆ ಅದೇ, ತೀರಿಹೋದವರು ನೆಲೆಸಿದ ಜಾಗವೂ ಅದೇ.

ಪುರಾತತ್ತ್ವದ ಪುಸ್ತಕದಲ್ಲಿ ಇಂಥ ನಿಂತ ಕಲ್ಲಿಗೆ ಮೆನ್ಹಿರ್ ಎಂದು ಹೆಸರು. ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದರೆ ಡಾಲ್ಮೆನ್ ಅಥವಾ ಕ್ರಾಮ್ಲೆಕ್. ಕಲ್ಲಿನ ಗುಪ್ಪೆಯಾದರೆ ಕೈರ್ನ್. ಕನ್ನಡ ಪಠ್ಯಗಳಲ್ಲೂ ಈ ಹೆಸರುಗಳೇ ಇವೆ. ಪರೀಕ್ಷೆಗೆ ಓದುವವರು ಇವನ್ನು ಇಂಗ್ಲಿಷ್ ಪದಗಳೆಂದು ಬಾಯಿಪಾಠ ಮಾಡುತ್ತಾರೆ. ಹುಟ್ಟಿನಿಂದ ಇವು ಇಂಗ್ಲಿಷಿನವಲ್ಲ. ಮೆನ್ಹಿರ್ ಫ್ರಾನ್ಸಿನ ಪಶ್ಚಿಮ ಮೂಲೆಯ ಬ್ರೆಟನ್ ಭಾಷೆಯದು. ಮೆನ್ ಎಂದರೆ ಕಲ್ಲು, ಹಿರ್ ಎಂದರೆ ಉದ್ದ. ಡಾಲ್ಮೆನ್ ಕೂಡ ಬ್ರೆಟನ್ ಭಾಷೆಯ ಮೇಜು ಮತ್ತು ಕಲ್ಲು ಸೇರಿ ಆದದ್ದು. ಕ್ರಾಮ್ಲೆಕ್ ವೇಲ್ಸಿನದು, ಬಾಗಿದ ಚಪ್ಪಡಿ ಎಂದು ಅರ್ಥ. ಕೈರ್ನ್ ಸ್ಕಾಟ್ಲೆಂಡಿನ ಗೇಲಿಕ್‌ನಿಂದ ಬಂತು. ನಾಲ್ಕೂ ಕೆಲ್ಟಿಕ್ ಎಂಬ ಭಾಷಾ ಕುಟುಂಬದವು.

ಅಟ್ಲಾಂಟಿಕ್ ಸಮುದ್ರದ ಅಂಚಿನಲ್ಲಿ, ಕೆಲವೇ ಲಕ್ಷ ಜನರ ಬಾಯಲ್ಲಿ ಉಳಿದಿರುವ ಭಾಷೆಗಳ ಪದಗಳು ದಖ್ಖನಿನ ಕಲ್ಲುಗಳ ಮೇಲೆ ಬಂದು ಕೂತದ್ದು ಹೇಗೆ? ಅದಕ್ಕೆ ಉತ್ತರ ವಿಶಾಖಪಟ್ಟಣದಲ್ಲಿಲ್ಲ. ಅದು ಕೃಷ್ಣೆ ಮತ್ತು ಭೀಮೆಯ ನಡುವಿನ ಸುರಪುರ ಸಂಸ್ಥಾನದಲ್ಲಿದೆ, ಈಗಿನ ಯಾದಗಿರಿ ಜಿಲ್ಲೆಯಲ್ಲಿ.

ಟೇಲರ್ ಕಂಡ ಕಲ್ಮನೆಗಳು

ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದ ಆರಂಭದಲ್ಲಿ ಸುರಪುರಕ್ಕೆ ಬಂದ. ರಾಜಾ ವೆಂಕಟಪ್ಪ ನಾಯಕ ಆಗ ಇನ್ನೂ ಹುಡುಗ. ಅವನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಳ್ಳುವುದು ಟೇಲರನ ಕೆಲಸ. ಹುಡುಗ ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲೆ ಈಗಲೂ ಇದೆ. ಇಂಗ್ಲಿಷ್ ಓದುಗರಿಗೆ ಅವನು ಆಗಲೇ ಠಕ್ಕರ ಬಗ್ಗೆ ಕಾದಂಬರಿ ಬರೆದ ಲೇಖಕ. ಸುರಪುರದ ಸುತ್ತ ಕುದುರೆ ಮೇಲೆ ತಿರುಗುವಾಗ ಅವನ ಕಣ್ಣಿಗೆ ಬಿದ್ದದ್ದು ಕಲ್ಲುಗಳು.

ರಾಜನಕೋಳೂರಿನ ಬಳಿ ಚಪ್ಪಡಿಯ ಪುಟ್ಟ ಮನೆಗಳ ಸಾಲು. ಮೂರು ಬದಿಗೆ ಮೂರು ಚಪ್ಪಡಿ, ಮೇಲೊಂದು ಚಾವಣಿ. ಕೆಲವಕ್ಕೆ ನಾಲ್ಕನೆಯ ಗೋಡೆಯೂ ಇದೆ, ಅದರ ನಡುವೆ ದುಂಡಗಿನ ಒಂದು ತೂತು. ಭೀಮಾ ತೀರದ ಜೇವರ್ಗಿಯ ಹತ್ತಿರ ಕಲ್ಲುಗುಪ್ಪೆಗಳು, ಸುತ್ತ ಬಂಡೆಗಳ ಉಂಗುರ. ಟೇಲರ್ ಇವುಗಳಲ್ಲಿ ಕೆಲವನ್ನು ಅಗೆಸಿದ. ಮೂಳೆ, ಮಡಕೆ, ಕಬ್ಬಿಣದ ಈಟಿಮೊನೆ ಸಿಕ್ಕವು. ಅಂದಿನ ಬಹಳ ಜನ ಅಗೆಯುತ್ತಿದ್ದದ್ದು ನಿಧಿಗಾಗಿ ಇಲ್ಲವೇ ಮ್ಯೂಸಿಯಮ್ಮಿಗಾಗಿ. ಟೇಲರ್ ಹಾಗಲ್ಲ. ಮಣ್ಣಿನ ಯಾವ ಪದರದಲ್ಲಿ ಏನು ಸಿಕ್ಕಿತು ಎಂಬುದನ್ನು ಅಡ್ಡಸೀಳಿನ ಚಿತ್ರವಾಗಿ ಬರೆದಿಟ್ಟ. ನೂರು ವರ್ಷದ ನಂತರ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಆ ಚಿತ್ರಗಳನ್ನು ತನ್ನ ಶಾಸ್ತ್ರದ ಪೂರ್ವಸೂರಿಗಳ ಸಾಲಿಗೆ ಸೇರಿಸಿ ಮೆಚ್ಚಿದ.

ಕಣ್ಣು ಚುರುಕಾಗಿತ್ತು. ಆದರೆ ಕಂಡದ್ದಕ್ಕೆ ಹೆಸರಿಡುವಾಗ ಟೇಲರನ ಮನಸ್ಸು ಬ್ರಿಟಿಷ್ ದ್ವೀಪಗಳ ಕಡೆಗೆ ಹೋಯಿತು. ಚಪ್ಪಡಿ ಮನೆಗಳು ವೇಲ್ಸ್ ಮತ್ತು ಐರ್ಲೆಂಡಿನಲ್ಲೂ ಇದ್ದವು, ಅಲ್ಲಿಯವರು ಅವನ್ನು ಡ್ರುಯಿಡರ ಕೆಲಸ ಎನ್ನುತ್ತಿದ್ದರು. ಜೇವರ್ಗಿಯ ಸಮಾಧಿಗಳಲ್ಲಿ ಮುಂಡದಿಂದ ಬೇರೆಯಾದ ತಲೆಬುರುಡೆಗಳು ಕಂಡಾಗ ಅವನು ನರಬಲಿಯನ್ನು ಊಹಿಸಿದ. ಡ್ರುಯಿಡರು ನರಬಲಿ ಕೊಡುತ್ತಿದ್ದರೆಂದು ಜೂಲಿಯಸ್ ಸೀಸರ್ ಬರೆದಿದ್ದನಲ್ಲ! 1850ರ ದಶಕದ ಆರಂಭದಲ್ಲಿ ಬಾಂಬೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಗೆ ಬರೆದ ಲೇಖನದಲ್ಲಿ ಅವನು ಇವನ್ನು ಸಿಥಿಯನ್-ಡ್ರುಯಿಡ್ ಅವಶೇಷಗಳೆಂದು ಕರೆದ. ನಿವೃತ್ತನಾಗಿ ಡಬ್ಲಿನ್ನಿನಲ್ಲಿ ನೆಲೆಸಿದ ಮೇಲೆ, 1862ರಲ್ಲಿ, ರಾಯಲ್ ಐರಿಷ್ ಅಕಾಡೆಮಿಯ ಮುಂದೆ ಇನ್ನೊಂದು ಪ್ರಬಂಧ ಇಟ್ಟ. ಅದರ ತಲೆಬರಹದಲ್ಲೇ ಕೈರ್ನ್, ಕ್ರಾಮ್ಲೆಕ್, ಕಿಸ್ಟ್‌ವೇನ್ ಎಂಬ ಹೆಸರುಗಳಿವೆ; ದಖ್ಖನಿನ ಈ ಸ್ಮಾರಕಗಳು ಕೆಲ್ಟಿಕ್, ಡ್ರುಯಿಡ್ ಅಥವಾ ಸಿಥಿಯನ್ ಎಂದಿದೆ. ಪದಗಳು ಹೀಗೆ ಬಂದವು. ಮೊದಲು ಸಿದ್ಧಾಂತದ ಜೊತೆ ಬಂದವು. ಸಿದ್ಧಾಂತ ಸತ್ತ ಮೇಲೂ ಉಳಿದುಕೊಂಡವು.

ಅದೇ ಕಲ್ಲುಗಳಿಗೆ ಸ್ಥಳೀಯರು ಇಟ್ಟ ಹೆಸರನ್ನೂ ಟೇಲರ್ ಬರೆದುಕೊಂಡಿದ್ದ. ಮೋರಿಯರ ಮನೆ. ಮೋರಿಯರು ಅಥವಾ ಮೋರೇರು ಕುಳ್ಳ ಜನ, ಆದರೆ ಬಹಳ ಬಲಶಾಲಿಗಳು. ಈ ಬಂಡೆಗಳನ್ನು ಎತ್ತಿಟ್ಟು ಮನೆ ಮಾಡಿಕೊಂಡಿದ್ದರು ಎಂಬುದು ಜನರ ಮಾತು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಬೆಟ್ಟದ ಮೇಲೆ ಸುಮಾರು 400 ಇಂಥ ರಚನೆಗಳಿವೆ, ಅಲ್ಲೂ ಮೋರೇರ ಹೆಸರೇ. ಬೇರೆ ಕಡೆ ಇವು ಪಾಂಡವರ ಮನೆ, ತೆಲುಗು ನಾಡಿನಲ್ಲಿ ರಾಕ್ಷಸ ಗುಳ್ಳು, ಅಂದರೆ ರಾಕ್ಷಸರ ಗುಡಿಗಳು. ಕೇರಳದಲ್ಲಿ ಆಕಾರ ನೋಡಿ ಕುಡಕ್ಕಲ್ಲು ಎಂದರು, ಕೊಡೆಗಲ್ಲು.

ಹೀಗೆ ಒಂದೇ ಪುಟದಲ್ಲಿ ಎರಡು ಕಥೆಗಳು ಬಂದು ಕೂತವು. ಒಂದರಲ್ಲಿ ಕುಳ್ಳರು ಕಟ್ಟಿದ್ದು, ಇನ್ನೊಂದರಲ್ಲಿ ಡ್ರುಯಿಡರು ಕಟ್ಟಿದ್ದು. ಮೊದಲನೆಯದು ದಂತಕಥೆ ಎನಿಸಿಕೊಂಡಿತು, ಎರಡನೆಯದು ಅಕಾಡೆಮಿಯ ಪ್ರಬಂಧವಾಯಿತು.

ಡ್ರುಯಿಡರಿಗೆ ಕಲ್ಲು ಕೊಟ್ಟವರು

ಡ್ರುಯಿಡರು ಯಾರು? ಸುಮಾರು 2000 ವರ್ಷದ ಹಿಂದೆ ಈಗಿನ ಫ್ರಾನ್ಸ್, ಬ್ರಿಟನ್, ಐರ್ಲೆಂಡಿನಲ್ಲಿದ್ದ ಪುರೋಹಿತ ವರ್ಗ. ಅವರು ಏನನ್ನೂ ಬರೆದಿಡಲಿಲ್ಲ. ನಮಗೆ ಸಿಗುವುದು ಅವರನ್ನು ಗೆದ್ದ ರೋಮನ್ನರ ಬರಹ. ಅವರು ಓಕ್ ಮರದ ತೋಪುಗಳಲ್ಲಿ ಪೂಜೆ ಮಾಡುತ್ತಿದ್ದರು, ವಿದ್ಯೆಯನ್ನು ಬಾಯಿಪಾಠದಿಂದ ಕಲಿಸುತ್ತಿದ್ದರು, ಆತ್ಮ ಒಂದು ದೇಹದಿಂದ ಇನ್ನೊಂದಕ್ಕೆ ಹೋಗುತ್ತದೆಂದು ನಂಬಿದ್ದರು ಎಂದು ಅಲ್ಲಿದೆ. ಅವರು ಕಲ್ಲಿನ ವೃತ್ತಗಳನ್ನು ಕಟ್ಟಿದರು ಎಂದು ಯಾವ ರೋಮನ್ ಲೇಖಕನೂ ಹೇಳಿಲ್ಲ.

ಆ ಸಂಬಂಧ ಕಲ್ಪಿಸಿದವರು 17 ಮತ್ತು 18ನೆಯ ಶತಮಾನದ ಇಂಗ್ಲಿಷರು. ಸ್ಟೋನ್‌ಹೆಂಜ್ ರೋಮನ್ನರಿಗಿಂತ ಹಳೆಯದು ಎಂದು ಜಾನ್ ಆಬ್ರಿ ಊಹಿಸಿದ. ಊಹೆ ಸರಿಯಿತ್ತು. ರೋಮನ್ನರಿಗಿಂತ ಹಿಂದಿನವರಲ್ಲಿ ಹೆಸರು ಗೊತ್ತಿದ್ದ ಪುರೋಹಿತರು ಡ್ರುಯಿಡರು ಮಾತ್ರ, ಆದ್ದರಿಂದ ಅವರದೇ ಇರಬೇಕು ಎಂದ. 1740ರಲ್ಲಿ ವಿಲಿಯಂ ಸ್ಟೂಕ್ಲಿ ಆ ಊಹೆಯನ್ನು ದೊಡ್ಡ ಪುಸ್ತಕವಾಗಿಸಿದ. ಸ್ಟೋನ್‌ಹೆಂಜಿನ ಕೆಲಸ ಆರಂಭವಾದದ್ದು ಕ್ರಿಸ್ತಪೂರ್ವ 3000ದ ಸುಮಾರಿಗೆ; ಐರ್ಲೆಂಡಿನ ನ್ಯೂಗ್ರೇಂಜ್ ಸಮಾಧಿ ಅದಕ್ಕಿಂತ ಒಂದೆರಡು ಶತಮಾನ ಹಳೆಯದು. ಕೆಲ್ಟಿಕ್ ಭಾಷೆಗಳು ಆ ದ್ವೀಪಗಳಿಗೆ ಬರುವುದಕ್ಕೆ ಇನ್ನೂ ಸಾವಿರ ವರ್ಷಕ್ಕೂ ಹೆಚ್ಚು ಕಾಲವಿತ್ತು.

1792ರ ಜೂನ್ 21ರಂದು ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಗುಡ್ಡದ ಮೇಲೆ ಕೆಲವು ವೇಲ್ಸ್ ಜನ ಸೇರಿ ಚಿಕ್ಕ ಕಲ್ಲುಗಳ ಒಂದು ವೃತ್ತ ಮಾಡಿ ಕವಿಗಳ ಸಭೆ ನಡೆಸಿದರು. ಇದು ಡ್ರುಯಿಡರ ಕಾಲದಿಂದ ತಪ್ಪದೆ ಬಂದ ಪದ್ಧತಿ ಎಂದು ಅದನ್ನು ನಡೆಸಿದವನು ಹೇಳಿದ. ಅವನ ಹೆಸರು ಎಡ್ವರ್ಡ್ ವಿಲಿಯಮ್ಸ್, ಕಾವ್ಯನಾಮ ಇಯೋಲೋ ಮೊರ್ಗನುಗ್. ಹೊಟ್ಟೆಪಾಡಿನ ಕಸುಬು ಕಲ್ಲುಕುಟಿಗನದು. ಆ ಪದ್ಧತಿಯನ್ನೂ ಅದಕ್ಕೆ ಆಧಾರವೆಂದು ತೋರಿಸಿದ ಹಳೆಯ ಹಸ್ತಪ್ರತಿಗಳಲ್ಲಿ ಬಹಳಷ್ಟನ್ನೂ ಅವನೇ ಸೃಷ್ಟಿಸಿದ್ದ ಎಂಬುದು ಖಚಿತವಾದದ್ದು 20ನೆಯ ಶತಮಾನದಲ್ಲಿ. ಅಷ್ಟರಲ್ಲಿ ಆ ಸಭೆ ವೇಲ್ಸಿನ ರಾಷ್ಟ್ರೀಯ ಸಾಹಿತ್ಯೋತ್ಸವದ ಭಾಗವಾಗಿಬಿಟ್ಟಿತ್ತು. ಇಂದಿಗೂ ನಡೆಯುತ್ತದೆ. ಇಂಗ್ಲಿಷಿನ ಒತ್ತಡದಲ್ಲಿ ನಲುಗಿದ್ದ ಒಂದು ಭಾಷೆ ಆ ಸುಳ್ಳಿನ ನೆರಳಿನಲ್ಲೂ ಬೆಳೆಯಿತು ಎಂಬುದನ್ನು ಮರೆಯುವಂತಿಲ್ಲ.

ಇದರ ಜೊತೆಗೆ ಭಾರತದ ನಂಟು ಸೇರಿತು. 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಮಾಡಿದ ಪ್ರಸಿದ್ಧ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಜೊತೆ ಕೆಲ್ಟಿಕ್ ಕೂಡ ಒಂದೇ ಮೂಲದ್ದಿರಬಹುದು ಎಂದ. ಜೋನ್ಸ್ ಎಚ್ಚರದಿಂದ ಹೇಳಿದ್ದನ್ನು ಬೇರೆಯವರು ಎಚ್ಚರವಿಲ್ಲದೆ ಹಿಗ್ಗಿಸಿದರು. ಚಾರ್ಲ್ಸ್ ವ್ಯಾಲೆನ್ಸಿ ಎಂಬ ಸೇನಾ ಎಂಜಿನಿಯರ್ ಐರಿಷ್ ಪದಗಳನ್ನು ಪೂರ್ವದೇಶದ ಭಾಷೆಗಳ ಜೊತೆ ಬರೀ ಧ್ವನಿಸಾಮ್ಯದಿಂದ ಹೊಂದಿಸುತ್ತ ಹೋದ. 1820ರ ದಶಕದ ಕೊನೆಯಲ್ಲಿ ಗಾಡ್‌ಫ್ರಿ ಹಿಗಿನ್ಸ್ ಡ್ರುಯಿಡರು ಭಾರತದಿಂದ ವಲಸೆ ಹೋದ ಪುರೋಹಿತರು ಎಂದು ಒಂದು ಪುಸ್ತಕವನ್ನೇ ಬರೆದ. ಈ ಹಿನ್ನೆಲೆಯಲ್ಲಿ ನೋಡಿದರೆ ಸುರಪುರದ ಕಲ್ಲಿನ ಮುಂದೆ ನಿಂತ ಟೇಲರನಿಗೆ ಡ್ರುಯಿಡರು ನೆನಪಾದದ್ದು ವಿಚಿತ್ರವಲ್ಲ. ಓದಿ ಬಂದದ್ದನ್ನೇ ಅವನು ಕಂಡ.

ವ್ಯಂಗ್ಯವೆಂದರೆ, ಟೇಲರ್ ಸುರಪುರ ಬಿಟ್ಟ 1853ರಲ್ಲೇ ಯೋಹಾನ್ ಕ್ಯಾಸ್ಪರ್ ಝೋಯ್ಸ್ ಎಂಬ ಜರ್ಮನ್ ವಿದ್ವಾಂಸ ಕೆಲ್ಟಿಕ್ ಭಾಷೆಗಳ ವ್ಯಾಕರಣ ಪ್ರಕಟಿಸಿ, ಆ ಕುಟುಂಬದ ಅಧ್ಯಯನವನ್ನು ಊಹೆಯಿಂದ ಶಾಸ್ತ್ರಕ್ಕೆ ತಂದ. ಮೂರೇ ವರ್ಷದ ನಂತರ, 1856ರಲ್ಲಿ, ಐರ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಕಾಲ್ಡ್‌ವೆಲ್ ಅದೇ ಕೆಲಸವನ್ನು ದ್ರಾವಿಡ ಭಾಷೆಗಳಿಗೆ ಮಾಡಿದ. ಕೆಲ್ಟಿಕ್, ದ್ರಾವಿಡ ಎರಡೂ ವ್ಯಾಕರಣದ ಪುಸ್ತಕಗಳಲ್ಲಿ ಗಟ್ಟಿಯಾದ ಹೆಸರುಗಳು. ಕ್ರಿಯಾಪದ ಹೇಗೆ ಬದಲಾಗುತ್ತದೆ, ಸರ್ವನಾಮ ಹೇಗಿದೆ ಎಂಬುದನ್ನು ವಿವರಿಸಲು ಬೇಕಾದ ಹೆಸರುಗಳು. ಆದರೆ ಎರಡೂ ಬೇಗನೆ ವ್ಯಾಕರಣದ ಹೊರಗೆ ನಡೆದವು. ಜನಾಂಗವಾದವು, ರಕ್ತವಾದವು, ಧರ್ಮವಾದವು.

ಕೃಷ್ಣೆಯ ಕೆಳಗೆ

ಸುರಪುರದ ಪಕ್ಕ ಹರಿಯುವ ಕೃಷ್ಣೆಯ ಜೊತೆಗೇ ಕೆಳಗಿಳಿದರೆ ವಿಜಯವಾಡಕ್ಕೆ ಸ್ವಲ್ಪ ಮುಂಚೆ ಅಮರಾವತಿ ಬರುತ್ತದೆ. ಅಲ್ಲಿನ ಬೌದ್ಧ ಸ್ತೂಪ ಮಣ್ಣಿನ ದಿಬ್ಬವಾಗಿ ಮುಚ್ಚಿಹೋಗಿತ್ತು. ಊರವರು ಅದನ್ನು ದೀಪಾಲದಿನ್ನೆ, ದೀಪಗಳ ದಿಬ್ಬ, ಎನ್ನುತ್ತಿದ್ದರು. 18ನೆಯ ಶತಮಾನದ ಕೊನೆಯಲ್ಲಿ ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಅಲ್ಲಿ ಊರು ಕಟ್ಟುವಾಗ ದಿಬ್ಬದ ಕಲ್ಲುಗಳು ಕಟ್ಟಡಕ್ಕೆ ಹೋದವು. ಸುದ್ದಿ ಕೇಳಿ ಕಾಲಿನ್ ಮೆಕೆಂಜಿ ಬಂದ. 1845ರಲ್ಲಿ ವಾಲ್ಟರ್ ಎಲಿಯಟ್ ಅಗೆಸಿದ. 1877ರಲ್ಲಿ ರಾಬರ್ಟ್ ಸ್ಯೂಯೆಲ್ ಅಗೆಸಿದ. ವಿಜಯನಗರದ ಇತಿಹಾಸ ಬರೆದವನೆಂದು ಕನ್ನಡಿಗರಿಗೆ ಗೊತ್ತಿರುವ ಸ್ಯೂಯೆಲನೇ. ಕೆತ್ತನೆಯ ಚಪ್ಪಡಿಗಳಲ್ಲಿ ಬಹುಪಾಲು ಈಗ ಲಂಡನ್ ಮತ್ತು ಚೆನ್ನೈನ ಮ್ಯೂಸಿಯಮ್ಮುಗಳಲ್ಲಿವೆ.

ಅಮರಾವತಿಯ ಚಪ್ಪಡಿಗಳ ಮೇಲೆ ದೊಡ್ಡ ಗ್ರಂಥ ಬರೆದ ಜೇಮ್ಸ್ ಫರ್ಗುಸನ್ನನ ಗಮನ ಸ್ತೂಪದ ಸುತ್ತಮುತ್ತಲಿನ ಬಯಲಿನ ಮೇಲೂ ಬಿತ್ತು. ಅಲ್ಲಿ ಸಮಾಧಿಗಳ ಕಲ್ಲುವೃತ್ತಗಳು ದೊಡ್ಡ ಸಂಖ್ಯೆಯಲ್ಲಿದ್ದವು. 1872ರಲ್ಲಿ ಅವನು ಲೋಕದ ಒರಟು ಕಲ್ಲಿನ ಸ್ಮಾರಕಗಳನ್ನೆಲ್ಲ ಒಟ್ಟು ಮಾಡಿ ಬರೆದ ಪುಸ್ತಕದಲ್ಲಿ ಸ್ಟೋನ್‌ಹೆಂಜ್, ರಾಜನಕೋಳೂರು, ಅಮರಾವತಿ ಮೂರೂ ಬರುತ್ತವೆ. ಫರ್ಗುಸನ್ ಡ್ರುಯಿಡರ ಕಥೆಯನ್ನು ಒಪ್ಪಲಿಲ್ಲ. ಖಾಸಿ ಬೆಟ್ಟಗಳಲ್ಲಿ ಜನ ತನ್ನ ಕಾಲದಲ್ಲೂ ಕಲ್ಲು ನಿಲ್ಲಿಸುತ್ತಿದ್ದಾರೆ, ಆದ್ದರಿಂದ ಕಲ್ಲು ಒರಟಾಗಿದೆ ಎಂದ ಮಾತ್ರಕ್ಕೆ ಅದು ಬಹಳ ಹಳೆಯದು ಎನ್ನಲಾಗದು ಎಂದು ವಾದಿಸಿದ. ಆ ಮಾತಿನಲ್ಲಿ ತಿರುಳಿತ್ತು. ಅಲ್ಲಿಂದ ಅವನು ಸ್ಟೋನ್‌ಹೆಂಜ್ ಕೂಡ ರೋಮನ್ನರು ಹೋದ ಮೇಲಿನದು ಎಂಬ ತೀರ್ಮಾನಕ್ಕೆ ಹಾರಿದ. ಸುಮಾರು 3500 ವರ್ಷದ ತಪ್ಪು.

ದಖ್ಖನಿನ ಕಲ್ಲುಗಳ ಕಾಲ ನಿರ್ಣಯಕ್ಕೆ ಒಂದು ನೆಲೆ ಸಿಕ್ಕಿದ್ದು ಮತ್ತೆ ಕರ್ನಾಟಕದಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮೊದಲು ಎಂ. ಎಚ್. ಕೃಷ್ಣ ಅವರು, ನಂತರ 1947ರಲ್ಲಿ ವ್ಹೀಲರ್ ಅಗೆತ ನಡೆಸಿದರು. ಶಿಲಾಸಮಾಧಿಗಳು ಕಬ್ಬಿಣ ಬಳಸಿದ ಜನರವು ಎಂಬುದು ಪದರ ಪದರವಾಗಿ ಖಚಿತವಾಯಿತು. ವ್ಹೀಲರ್ ಕೊಟ್ಟ ಕಾಲ ಕ್ರಿಸ್ತಪೂರ್ವ ಎರಡನೆಯ ಶತಮಾನದ ಈಚೆಯದು. ಆಮೇಲಿನ ಇಂಗಾಲ ಪರೀಕ್ಷೆಗಳು ಈ ಸಂಸ್ಕೃತಿಯ ಆರಂಭವನ್ನು ಕ್ರಿಸ್ತಪೂರ್ವ 1000ದ ಸುಮಾರಿಗೆ ಒಯ್ದವು. ಅಂದರೆ ನ್ಯೂಗ್ರೇಂಜ್ ಮತ್ತು ರಾಜನಕೋಳೂರಿನ ನಡುವೆ ಎರಡು ಸಾವಿರ ವರ್ಷದ ಅಂತರ. ಡ್ರುಯಿಡರು ಅಲ್ಲೂ ಕಟ್ಟಲಿಲ್ಲ, ಇಲ್ಲೂ ಕಟ್ಟಲಿಲ್ಲ.

ಹಾಗಾದರೆ ಕಟ್ಟಿದವರು ಯಾವ ಭಾಷೆಯವರು? 1950ರ ದಶಕದಲ್ಲಿ ಹೊಸ ಉತ್ತರವೊಂದು ಬಂತು. ಆಸ್ಟ್ರಿಯಾದ ಮಾನವಶಾಸ್ತ್ರಜ್ಞ ಕ್ರಿಸ್ಟೋಫ್ ಫಾನ್ ಫ್ಯೂರರ್-ಹೈಮೆಂಡೋರ್ಫ್, ಕಬ್ಬಿಣ ಮತ್ತು ಶಿಲಾಸಮಾಧಿಗಳ ಜೊತೆಗೇ ದ್ರಾವಿಡ ಭಾಷೆಗಳು ದಕ್ಷಿಣಕ್ಕೆ ಬಂದಿರಬೇಕು ಎಂದು ಸೂಚಿಸಿದ. ಕೆಲ್ಟಿಕ್ ಎಂಬ ಚೀಟಿ ಹರಿದು ದ್ರಾವಿಡ ಎಂಬ ಚೀಟಿ ಅಂಟಿಸಿದಂತಾಯಿತು. ಭಾಷಾಶಾಸ್ತ್ರ ಇದನ್ನು ಒಪ್ಪುವುದು ಕಷ್ಟ. ದ್ರಾವಿಡ ಕುಟುಂಬದ ಕವಲುಗಳು ಒಂದರಿಂದ ಒಂದು ಎಷ್ಟು ದೂರ ಸರಿದಿವೆ ಎಂಬುದನ್ನು ನೋಡಿದರೆ ಅದರ ವಯಸ್ಸು ಬಹಳ ಹೆಚ್ಚು. 2018ರ ಒಂದು ಅಧ್ಯಯನ ಅದನ್ನು ಸುಮಾರು 4500 ವರ್ಷ ಎಂದು ಲೆಕ್ಕ ಹಾಕಿತು. ಕಬ್ಬಿಣ ಬರುವ ಹೊತ್ತಿಗೆ ಕುಟುಂಬ ಆಗಲೇ ಒಡೆದು ಹರಡಿತ್ತು.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಹೈಮೆಂಡೋರ್ಫನ ಕೈಯಲ್ಲೇ ಇತ್ತು. 1943ರಲ್ಲಿ ಅವನು ಒಂದು ಲೇಖನ ಪ್ರಕಟಿಸಿದ್ದ. ಅದರ ವಿಷಯ ಗದಬರು ಮತ್ತು ಬೊಂಡೊಗಳ ಕಲ್ಲಿನ ಆಚರಣೆ.

ಎರಡು ಭಾಷೆ, ಒಂದೇ ಕಲ್ಲು

ವಿಜಯವಾಡದಿಂದ ಕರಾವಳಿಯುದ್ದಕ್ಕೂ ವಿಶಾಖಪಟ್ಟಣಕ್ಕೆ ಹೋಗಿ, ಅಲ್ಲಿಂದ ಮತ್ತೆ ಬೆಟ್ಟ ಹತ್ತಿದರೆ ಆರಂಭದ ಊರು. ಅರಕು 2022ರವರೆಗೆ ವಿಶಾಖಪಟ್ಟಣ ಜಿಲ್ಲೆಯಲ್ಲೇ ಇತ್ತು. ಈಗ ಅಲ್ಲೂರಿ ಸೀತಾರಾಮರಾಜು ಜಿಲ್ಲೆ. ಕೊರಾಪುಟ್ ಕೂಡ 1936ರಲ್ಲಿ ಒರಿಸ್ಸಾ ಪ್ರಾಂತ್ಯವಾಗುವವರೆಗೆ ವಿಶಾಖಪಟ್ಟಣ ಜಿಲ್ಲೆಯ ಭಾಗವಾಗಿತ್ತು.

ಗದಬರಲ್ಲಿ ಸಾವಿನ ಕರ್ಮ ಒಂದೇ ಸಲಕ್ಕೆ ಮುಗಿಯುವುದಿಲ್ಲ. ವರ್ಷಗಳ ನಂತರ, ಒಂದು ತಲೆಮಾರಿನ ಸತ್ತವರೆಲ್ಲರಿಗೂ ಸೇರಿಸಿ, ಗೋತರ್ ಎಂಬ ದೊಡ್ಡ ಆಚರಣೆ ನಡೆಯುತ್ತದೆ. ಒಬ್ಬೊಬ್ಬ ಮೃತನಿಗೆ ಒಂದೊಂದು ಕೋಣ. ಸತ್ತವನು ಆ ಕೋಣದೊಳಗೆ ಬರುತ್ತಾನೆ ಎಂಬ ನಂಬಿಕೆ. ಮನೆಯವರು ಅದಕ್ಕೆ ಉಣಿಸುತ್ತಾರೆ, ಹೆಂಗಸರು ಅದನ್ನು ತಬ್ಬಿಕೊಂಡು ಅಳುತ್ತಾರೆ. ಕೊನೆಗೆ ಬೇರೆ ಊರಿನ ಬಂಧುಗಳು ಅದನ್ನು ಕೊಂಡೊಯ್ಯುತ್ತಾರೆ, ಕೊಯ್ದು ಉಣ್ಣುತ್ತಾರೆ. ಸತ್ತವನ ಹೆಸರಿನಲ್ಲಿ ಕಲ್ಲು ನಿಲ್ಲುತ್ತದೆ. ಅಲ್ಲಿಂದಾಚೆ ಅವನು ಕಾಡುವ ಪ್ರೇತವಲ್ಲ. ಊರಿನ ಹಿರಿಯರಲ್ಲಿ ಒಬ್ಬ. ಅವನ ವಂಶದವರು ಆ ಕಲ್ಲುಗಳ ನಡುವೆಯೇ ಕೂತು ಊರಿನ ವ್ಯವಹಾರ ಮಾತಾಡುತ್ತಾರೆ.

ಈ ಗದಬರು ಒಂದೇ ಭಾಷೆಯವರಲ್ಲ. ಗುತೋಬ್ ಮಾತಾಡುವ ಗದಬರಿದ್ದಾರೆ. ಅದು ಮುಂಡಾ ಗುಂಪಿನದು, ಸಂತಾಲಿಯ ಬಂಧು, ದೂರದಲ್ಲಿ ಖಾಸಿಗೂ ಕಾಂಬೋಡಿಯದ ಖ್ಮೇರಿಗೂ ಬಂಧು. ಒಲ್ಲಾರ್ ಗದಬರಿದ್ದಾರೆ, ಅವರ ಭಾಷೆ ದ್ರಾವಿಡ, ಕನ್ನಡದ ದೂರದ ದಾಯಾದಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಾನಾಗಿ ಅರ್ಥವಾಗದು. ಆದರೂ ಎರಡೂ ಕಡೆಯವರು ಗದಬರು. ಗೋತರ್ ಇಬ್ಬರದೂ, ಸದರ್ ಇಬ್ಬರದೂ. ಪಕ್ಕದ ಬೊಂಡೊಗಳೂ ಕಲ್ಲು ಇಡುತ್ತಾರೆ, ಅವರದು ಮುಂಡಾ. ಅದೇ ಅರಕು ಸುತ್ತ ಕೊಂಡ ಅಥವಾ ಕೂಬಿ ಎಂಬ ದ್ರಾವಿಡ ಭಾಷೆಯೂ ಇದೆ. ಭದ್ರಿರಾಜು ಕೃಷ್ಣಮೂರ್ತಿ ಅವರು ಆಂಧ್ರ ವಿಶ್ವವಿದ್ಯಾಲಯದಲ್ಲಿದ್ದಾಗ ಆ ಜನರ ನಡುವೆ ಕೂತು ಭಾಷೆ ಕಲಿತು 1969ರಲ್ಲಿ ಅದರ ವ್ಯಾಕರಣ ಪ್ರಕಟಿಸಿದರು. ಭಾಷೆಗಳು ಹೀಗೆ ಒಂದರ ಪಕ್ಕ ಒಂದು, ಬೇರೆ ಬೇರೆ ಬೇರಿನಿಂದ ಬಂದು ಬೆಳೆದಿವೆ. ಆಚರಣೆಗಳು ಅವುಗಳ ಗಡಿ ನೋಡದೆ ದಾಟಿವೆ.

ಕಲ್ಲು ನೋಡಿ ಭಾಷೆ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ. ಜೀವಂತ ಜನರ ನಡುವೆಯೇ ಕಲ್ಲಿನಿಂದ ಭಾಷೆಯನ್ನು ಊಹಿಸಲು ಆಗದಿದ್ದರೆ, ಮೂಳೆ ಮತ್ತು ಮಡಕೆ ಮಾತ್ರ ಉಳಿದಿರುವ ಜೇವರ್ಗಿಯಲ್ಲಿ ಹೇಗೆ ಊಹಿಸುವುದು? ಮೋರಿಯರು ಎಂದರೆ ಮೌರ್ಯರು ಎಂದು ಕೆಲವು ವಿದ್ವಾಂಸರು ಹೇಳಿದ್ದಾರೆ. ಬ್ರಹ್ಮಗಿರಿಯಲ್ಲೂ ಕೊಪ್ಪಳದಲ್ಲೂ ಅಶೋಕನ ಶಾಸನಗಳು ಇಂಥ ಕಲ್ಲುಗಳಿಗೆ ಹತ್ತಿರವೇ ಇವೆ, ಆದ್ದರಿಂದ ಊಹೆ ಆಕರ್ಷಕವಾಗಿದೆ. ಆದರೆ ಎರಡು ಪದ ಒಂದೇ ಥರ ಕೇಳಿಸುತ್ತದೆ ಎಂಬುದರ ಮೇಲೆ ಎಷ್ಟು ಭಾರ ಹೊರಿಸಬಹುದು ಎಂಬುದನ್ನು ವ್ಯಾಲೆನ್ಸಿಯ ಐರಿಷ್ ಪದಪಟ್ಟಿಗಳು ಕಲಿಸಿವೆ.

ಯಾರ ಪೂರ್ವಿಕರು

ಬ್ರಿಟನ್ನಿನಲ್ಲಿ ಈ ನಡುವೆ ಡ್ರುಯಿಡರು ಮತ್ತೆ ಹುಟ್ಟಿದ್ದಾರೆ. ಪೇಗನ್ ಎಂಬುದು ಲ್ಯಾಟಿನ್ನಿನಲ್ಲಿ ಹಳ್ಳಿಯವನು ಎಂಬ ಪದದಿಂದ ಬಂದ ಬೈಗುಳ. ಕ್ರೈಸ್ತರಲ್ಲದವರಿಗೆ ಕ್ರೈಸ್ತರು ಇಟ್ಟದ್ದು. 20ನೆಯ ಶತಮಾನದ ಮಧ್ಯದಲ್ಲಿ ಕೆಲವರು ಆ ಹೆಸರನ್ನು ಹೆಮ್ಮೆಯಿಂದ ಎತ್ತಿಕೊಂಡರು. ಜೆರಾಲ್ಡ್ ಗಾರ್ಡ್ನರ್ ವಿಕ್ಕ ಎಂಬ ಹೊಸ ಮಾಟಗಾತಿ ಧರ್ಮವನ್ನು ರೂಪಿಸಿದ, ರಾಸ್ ನಿಕೋಲ್ಸ್ 1964ರಲ್ಲಿ ಡ್ರುಯಿಡರ ಹೊಸ ಸಂಘ ಕಟ್ಟಿದ. ಐರಿಷ್ ಪಂಚಾಂಗದ ಸಾವಿನ್, ಇಂಬಾಲ್ಕ್, ಬೆಲ್ಟನೆ, ಲೂನಸಾ ಎಂಬ ನಾಲ್ಕು ಹಬ್ಬಗಳಿಗೆ ಎರಡು ಅಯನ, ಎರಡು ವಿಷುವ ಸೇರಿಸಿ ಎಂಟು ಹಬ್ಬದ ವರ್ಷಚಕ್ರ ಮಾಡಿದರು. 2000ದಿಂದ ಅಯನದ ದಿನ ಸ್ಟೋನ್‌ಹೆಂಜಿನ ಒಳಗೆ ಹೋಗಲು ಎಲ್ಲರಿಗೂ ಅವಕಾಶವಿದೆ; ಬಿಳಿ ನಿಲುವಂಗಿಯ ಡ್ರುಯಿಡರು ಸೂರ್ಯನನ್ನು ಎದುರುಗೊಳ್ಳುತ್ತಾರೆ. 2010ರಲ್ಲಿ ಡ್ರುಯಿಡ್ ನೆಟ್‌ವರ್ಕ್ ಎಂಬ ಸಂಸ್ಥೆಗೆ ಧಾರ್ಮಿಕ ದತ್ತಿಯೆಂದು ಸರ್ಕಾರಿ ಮಾನ್ಯತೆಯೂ ಸಿಕ್ಕಿತು. ಇವರನ್ನು ನಗುವ ಅಗತ್ಯವಿಲ್ಲ. ಎಲ್ಲ ಧರ್ಮಗಳಿಗೂ ಒಂದು ಮೊದಲ ದಿನವಿತ್ತು. ಮರ, ನೀರು, ಋತುಗಳನ್ನು ಗೌರವಿಸಬೇಕು ಎಂಬ ಅವರ ಮಾತಿಗೆ ಇಂದು ಬೆಲೆಯಿದೆ.

ತೊಡಕು ಬರುವುದು ವಾರಸುದಾರಿಕೆಯ ಮಾತು ಬಂದಾಗ. 2006ರಲ್ಲಿ ಕೆಲವು ಡ್ರುಯಿಡ್ ಸಂಘಟನೆಗಳು ಏವ್‌ಬರಿ ಮ್ಯೂಸಿಯಮ್ಮಿನಲ್ಲಿರುವ ಸುಮಾರು 5000 ವರ್ಷ ಹಳೆಯ ಮಗುವಿನ ಅಸ್ಥಿಪಂಜರವನ್ನು ಮತ್ತೆ ಮಣ್ಣು ಮಾಡಬೇಕೆಂದು ಕೇಳಿದವು. ಇವರು ನಮ್ಮ ಪೂರ್ವಿಕರು ಎಂಬುದು ವಾದ. ಅಧಿಕಾರಿಗಳು ಸಾರ್ವಜನಿಕರ ಅಭಿಪ್ರಾಯ ಕೇಳಿದರು, ನಾಲ್ಕು ವರ್ಷ ಪರಿಶೀಲಿಸಿ 2010ರಲ್ಲಿ ಬೇಡಿಕೆಯನ್ನು ತಿರಸ್ಕರಿಸಿದರು. ಡ್ರುಯಿಡರಿಗೆ ಆ ಮಗುವಿನ ಜೊತೆ ಬೇರೆ ಬ್ರಿಟಿಷರಿಗಿಂತ ಹೆಚ್ಚಿನ ನಂಟು ಕಾಣಲಿಲ್ಲ. ಆದರೂ ಅವರ ಮಾತನ್ನು ಕೇಳಲಾಯಿತು, ಬರೆದಿಡಲಾಯಿತು, ಉತ್ತರ ಕೊಡಲಾಯಿತು.

ಐರ್ಲೆಂಡಿನ ಹಳ್ಳಿಗರು ಬೇರೆ ದಾರಿ ಹಿಡಿದಿದ್ದರು. ಅವರ ಹಳೆಯ ಕಥೆಗಳಲ್ಲಿ ಸೋತ ದೇವತೆಗಳು ದಿಬ್ಬಗಳೊಳಗೆ ಹೋಗಿ ಸೇರಿಕೊಂಡರು. ದಿಬ್ಬಕ್ಕೂ ಅದರೊಳಗಿನ ಜನರಿಗೂ ಶೀ ಎಂಬ ಒಂದೇ ಪದ. ಕಾಲಕ್ರಮದಲ್ಲಿ ಆ ದೇವತೆಗಳು ಕುಗ್ಗಿ ಕುಳ್ಳರಾದರು. ಕಲ್ಲಿನ ಕೋಣೆಯೊಳಗೆ ಪುಟ್ಟ ಜನ: ಮೋರೇರ ಕಥೆಗೆ ಎಷ್ಟು ಹತ್ತಿರ! ಇದಕ್ಕೆ ವಲಸೆಯ ವಿವರಣೆ ಬೇಕಿಲ್ಲ. ಆಳೆತ್ತರವೂ ಇಲ್ಲದ ಕೋಣೆ, ತಲೆ ತೂರುವಷ್ಟು ಬಾಗಿಲು ಕಂಡವರು ಒಳಗಿದ್ದವರ ಅಳತೆಯನ್ನು ಅಂದಾಜು ಮಾಡಿದರು. ಕಣ್ಣ ಮುಂದಿನ ಸಾಕ್ಷಿಯಿಂದ ಹೊರಟ ತರ್ಕ ಅದು. ಡ್ರುಯಿಡರ ಕಥೆಗೆ ಅಷ್ಟೂ ಆಧಾರವಿರಲಿಲ್ಲ. ಆ ನಂಬಿಕೆಗೆ ಕೆಲಸವೂ ಇತ್ತು. ಶೀಗಳ ಭಯದಿಂದ ಐರಿಷ್ ರೈತರು ಹೊಲದ ನಡುವಿನ ಹಳೆಯ ದಿಬ್ಬಗಳನ್ನು ಉಳದೆ ಬಿಟ್ಟರು. 1999ರಲ್ಲೂ ಕ್ಲೇರ್ ಕೌಂಟಿಯಲ್ಲಿ ಹೊಸ ರಸ್ತೆಗೆ ಅಡ್ಡವಾಗಿದ್ದ ಶೀಗಳ ಮುಳ್ಳಿನ ಗಿಡವೊಂದು, ಜಾನಪದ ಸಂಗ್ರಾಹಕ ಎಡ್ಡಿ ಲೆನಿಹನ್ ದನಿ ಎತ್ತಿದ ಮೇಲೆ, ಉಳಿಯಿತು.

ವಿಶಾಖಪಟ್ಟಣದ ಉತ್ತರಕ್ಕೆ, ಆಂಧ್ರ ಮತ್ತು ಒಡಿಶಾದ ಗಡಿಬೆಟ್ಟಗಳಲ್ಲಿ, ಸವರ ಅಥವಾ ಸೋರ ಜನರಿದ್ದಾರೆ. ಅವರೂ ಸತ್ತವರಿಗೆ ಕಲ್ಲು ನೆಡುತ್ತಿದ್ದರು. ಮೈಮೇಲೆ ಬಂದ ಹೆಂಗಸಿನ ಬಾಯಿಂದ ಸತ್ತವರು ಮಾತಾಡುತ್ತಿದ್ದರು. ಬದುಕಿದ್ದವರು ಅವರ ಜೊತೆ ಜಗಳವಾಡುತ್ತಿದ್ದರು, ಅಳುತ್ತಿದ್ದರು, ಸಾಲದ ಲೆಕ್ಕ ಕೇಳುತ್ತಿದ್ದರು. ಪಿಯರ್ಸ್ ವಿಟೆಬ್ಸ್ಕಿ ಎಂಬ ಮಾನವಶಾಸ್ತ್ರಜ್ಞ 1970ರ ದಶಕದಲ್ಲಿ ಅಲ್ಲಿಗೆ ಹೋಗಿ ಈ ಸಂಭಾಷಣೆಗಳ ಬಗ್ಗೆ ಬರೆದ. 2017ರಲ್ಲಿ ಅವನು ಪ್ರಕಟಿಸಿದ ಇನ್ನೊಂದು ಪುಸ್ತಕ ಆ ಮಾತು ನಿಂತುಹೋದ ಕಥೆ. ಹೊಸ ತಲೆಮಾರು ಬ್ಯಾಪ್ಟಿಸ್ಟ್ ಚರ್ಚಿಗೆ ಅಥವಾ ಹಿಂದೂ ಪಂಥಗಳಿಗೆ ಹೋಯಿತು. ಶಾಲೆ, ಓದು, ಅಧಿಕಾರಿಗಳ ಎದುರು ತಲೆ ಎತ್ತಿ ನಿಲ್ಲುವ ಬಲ ಅಲ್ಲಿ ಸಿಕ್ಕವು. ಅದು ಅವರದೇ ಆಯ್ಕೆ, ಅದಕ್ಕೆ ಕಾರಣಗಳಿದ್ದವು. ಆದರೆ ಕಲ್ಲು ನೆಡುವುದು ನಿಂತಿತು. ಒಂದು ದೇಶದಲ್ಲಿ ಜನ ಯಾರದೆಂದು ತಿಳಿಯದ ಕಲ್ಲಿನ ಸುತ್ತ ಹೊಸ ಧರ್ಮ ಕಟ್ಟುತ್ತಿದ್ದ ಅದೇ ಐವತ್ತು ವರ್ಷಗಳಲ್ಲಿ, ಇನ್ನೊಂದು ದೇಶದಲ್ಲಿ ತಮ್ಮ ಅಜ್ಜನ ಕಲ್ಲು ಯಾವುದೆಂದು ಬೊಟ್ಟು ಮಾಡಿ ತೋರಿಸಬಲ್ಲವರು ಅದರಿಂದ ದೂರ ಸರಿದರು. ಇವರನ್ನು ಯಾರೂ ಸಾರ್ವಜನಿಕ ವಿಚಾರಣೆಗೆ ಕರೆಯಲಿಲ್ಲ.

ಪದಗಳು ಉಳಿದ ಕಡೆ

1924ರಲ್ಲಿ ಮೈಸೂರಿನಲ್ಲಿ ಕುವೆಂಪು ಅವರು ತಮ್ಮ ಇಂಗ್ಲಿಷ್ ಕವಿತೆಗಳನ್ನು ಜೇಮ್ಸ್ ಕಸಿನ್ಸ್‌ಗೆ ತೋರಿಸಿದ ಪ್ರಸಂಗ ಕನ್ನಡಿಗರಿಗೆ ಗೊತ್ತು. ಕಸಿನ್ಸ್ ಬೆಲ್‌ಫಾಸ್ಟಿನವನು, ಡಬ್ಲಿನ್ನಿನ ಕೆಲ್ಟಿಕ್ ಪುನರುಜ್ಜೀವನದ ಕವಿಗಳ ಬಳಗದವನು, ಆಂಧ್ರದ ಮದನಪಲ್ಲಿಯ ಥಿಯಾಸಾಫಿಕಲ್ ಕಾಲೇಜಿನಲ್ಲಿ ಪಾಠ ಹೇಳಿದವನು. ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂಬುದು ಅವನು ಕೊಟ್ಟ ಸಲಹೆ. ಭಾಷೆ ಕಳೆದುಕೊಂಡ ನಾಡಿನಿಂದ ಬಂದವನಿಗೆ ಅದರ ಬೆಲೆ ಗೊತ್ತಿತ್ತು. ಕೆಲ್ಟಿಕ್ ಲೋಕದಿಂದ ಕನ್ನಡಕ್ಕೆ ಬಂದದ್ದರಲ್ಲಿ ಮೆನ್ಹಿರ್, ಡಾಲ್ಮೆನ್‌ಗಳಿಗಿಂತ ಈ ಸಲಹೆ ಹೆಚ್ಚು ಬಾಳಿಕೆ ಬಂತು. ಆದರೆ ಅದು ಕವಿತೆಗಷ್ಟೇ ಅನ್ವಯಿಸಿತು, ಕಲ್ಲುಗಳವರೆಗೆ ಬರಲಿಲ್ಲ.

ಮೆನ್ಹಿರ್ ಎಂಬ ಪದವನ್ನು ಈಗ ಅಳಿಸಬೇಕಿಲ್ಲ. ಬೇರೆ ಬೇರೆ ದೇಶದ ವಿದ್ವಾಂಸರು ಪರಸ್ಪರ ಮಾತಾಡಲು ಅದು ಬೇಕು. ಬ್ರೆಟನ್ ರೈತ ತನ್ನ ಹೊಲದಲ್ಲಿ ನಿಂತ ಉದ್ದ ಕಲ್ಲಿಗೆ ಉದ್ದಕಲ್ಲು ಎಂದ, ಅದು ಶಾಸ್ತ್ರದ ಪದವಾಯಿತು. ಅವನ ಪದಕ್ಕೆ ಸಿಕ್ಕ ಮರ್ಯಾದೆ ರಾಜನಕೋಳೂರಿನ ರೈತನ ಮೋರಿಯರ ಮನೆಗೆ ಸಿಗಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದೆ. ಅದನ್ನು ಮಕ್ಕಳಿಗೆ ಪರಿಚಯಿಸುವ ಪಾಠದಲ್ಲಿ ಮೋರೇರು ದಂತಕಥೆಯ ಒಂದು ಸಾಲಾಗಿ ಬರುತ್ತಾರೋ, ಜಾಗದ ಹೆಸರಾಗಿ ಬರುತ್ತಾರೋ ಎಂಬುದು ಸಣ್ಣ ವಿಷಯವಲ್ಲ. ಜನ ತಮ್ಮ ಬಾಯಲ್ಲಿ ಹೆಸರಿಟ್ಟು ಕರೆಯುವ ಕಲ್ಲನ್ನು ಜಲ್ಲಿ ಮಾಡಲು ಸ್ವಲ್ಪವಾದರೂ ಹಿಂಜರಿಯುತ್ತಾರೆ.

ಸೋರರ ಪದಗಳಿಗೆ ಒಬ್ಬ ಕಾವಲುಗಾರ ಸಿಕ್ಕಿದ್ದರು. ಗಿಡುಗು ರಾಮಮೂರ್ತಿ ಅವರು ಪರ್ಲಾಕಿಮಿಡಿಯಲ್ಲಿ ಮೇಷ್ಟರಾಗಿದ್ದರು. ಆಡುಮಾತಿನ ತೆಲುಗಿಗಾಗಿ ಹೋರಾಡಿದವರೆಂದು ಅವರ ಹುಟ್ಟುಹಬ್ಬವನ್ನು ತೆಲುಗು ಭಾಷಾ ದಿನವಾಗಿ ಆಚರಿಸುತ್ತಾರೆ. ಆ ಹೋರಾಟಕ್ಕಿಂತ ಮೊದಲೇ ಅವರು ಸೋರ ಕಲಿಯಲು ಆರಂಭಿಸಿದ್ದರು. ಆ ಜನರನ್ನು ಮನೆಗೆ ಕರೆಸಿಕೊಂಡು ಅವರ ಭಾಷೆ ಕಲಿತರು, ಅವರ ಮಕ್ಕಳಿಗೆ ಅವರದೇ ಭಾಷೆಯಲ್ಲಿ ಶಾಲೆ ನಡೆಸಿದರು, 1931ರಲ್ಲಿ ಕೈಪಿಡಿ, 1938ರಲ್ಲಿ ನಿಘಂಟು ಹೊರತಂದರು. ಕಲ್ಲು ನೆಡುವವರು ಕಲ್ಲು ನೆಡುತ್ತಿದ್ದ ಕಾಲದಲ್ಲಿ, ಅವರ ಬಾಯಿಂದಲೇ ಕೇಳಿ ಬರೆದ ಪುಸ್ತಕಗಳವು. ದಖ್ಖನಿನ ಕಲ್ಲುಗಳ ಬಗ್ಗೆ ಮುಂದೆ ಪಠ್ಯ ಬರೆಯುವವರು ಬ್ರೆಟನ್ ಪದಗಳ ಜೊತೆ ಒಮ್ಮೆ ಅವನ್ನೂ ತೆರೆದು ನೋಡಬಹುದು.